ನಿಲ್ದಾಣಕ್ಕೆರಡು ಸಾಲು: ಸಂವಾದಿ ಕಥೆಯೊಳಗಿನ ಉದ್ಧರಣೆ ಮತ್ತು ಕೃತಿಸ್ವಾಮ್ಯ

(ಮೈಸೂರಿನಲ್ಲಿ ಓದುಗರ ಒಂದು ಸಣ್ಣ ಬಳಗದ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ ಇದು. ಮಾತಿನ ಭರದಲ್ಲಿ ಆದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಮಾನ್ಯರೇ,

ಮಂಡ್ಯದ ಕಡೆಯ ಒಬ್ಬ ಹುಡುಗ, ನನ್ನ ಹಳೆಯ ವಿದ್ಯಾರ್ಥಿ, ಕಳೆದ ವರ್ಷ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಅವನೊಂದು ಕಥೆ ಬರೆದಿದ್ದ. ಮೈಸೂರಿನಿಂದ ಹೊರಟ ಪ್ಯಾಸೆಂಜರ್ ರೈಲಿನಲ್ಲಿ ಒಬ್ಬ ಮನುಷ್ಯ, ತೀರಿಕೊಂಡ ತನ್ನ ತಾಯಿಯ ಊರಿಗೆ ಹೊರಟಿದ್ದಾನೆ; ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ, ಮದ್ದೂರು ಎಂದು ನಿಲ್ದಾಣಗಳು ಬರುತ್ತವೆ; ಎಲ್ಲಿ ಇಳಿಯಬೇಕು, ಎದುರು ಕೂತವರೊಡನೆ ಮಾತಿಗಿಳಿಯಬೇಕೇ, ಜೇಬಿನಲ್ಲಿರುವ ಪತ್ರವನ್ನು ಒಡೆಯಬೇಕೇ ಎಂಬುದನ್ನೆಲ್ಲ ಓದುವವನೇ ತೀರ್ಮಾನಿಸಬೇಕು, ಆ ತೀರ್ಮಾನದಂತೆ ಕಥೆ ಬೇರೆ ಬೇರೆ ದಾರಿ ಹಿಡಿಯುತ್ತದೆ. ರೈಲು ನಿಂತಾಗಲೆಲ್ಲ ಪರದೆಯ ಮೇಲೆ ಒಂದು ಚೌಕಟ್ಟು ಮೂಡಿ, ಅದರೊಳಗೆ ಕವಿತೆಯೊಂದರ ಎರಡು ಸಾಲು ಕಾಣಿಸುತ್ತವೆ. ತಾಯಿಯ ಊರು ಕಿಕ್ಕೇರಿಯ ಹತ್ತಿರವಾದ್ದರಿಂದ ಅವನು ಹೆಚ್ಚಾಗಿ ಆರಿಸಿಕೊಂಡದ್ದು ಕಿಕ್ಕೇರಿಯವರೇ ಆದ ಕೆ.ಎಸ್. ನರಸಿಂಹಸ್ವಾಮಿಯವರ ಸಾಲುಗಳನ್ನು. ಚೆನ್ನಾಗಿತ್ತು. ಆಡುತ್ತಾ ಹೋದಂತೆ, ಆ ಸಾಲುಗಳು ತಾಯಿಯ ದನಿಯೋ ಎನ್ನುವ ಭ್ರಮೆ ನನಗೂ ಆಯಿತು.

ಇದನ್ನು ಎಲ್ಲರಿಗೂ ಸಿಗುವಂತೆ ಹಾಕಬಹುದೇ ಎಂದು ಕೇಳುವುದಕ್ಕೆ ಅವನು ಬಂದದ್ದು. ನಾನು ಹುಬ್ಬು ಗಂಟಿಕ್ಕಿದ್ದನ್ನು ನೋಡಿ, “ಮೇಷ್ಟ್ರೇ, ಎರಡೆರಡೇ ಸಾಲು ತಾನೇ? ಕವಿಗಳ ಹೆಸರೂ ಹಾಕಿದ್ದೀನಿ. ದುಡ್ಡಿಗೂ ಮಾರ್ತಿಲ್ಲ. ತಪ್ಪೇನಿದೆ?” ಎಂದ. ಒಂದೇ ಉಸಿರಿನಲ್ಲಿ ಮೂರು ಸಮರ್ಥನೆಗಳು. ಈ ಬಗೆಯ ಬರವಣಿಗೆಯಲ್ಲಿ ತೊಡಗಿದವರು ಎಲ್ಲ ಭಾಷೆಗಳಲ್ಲೂ ಹೇಳಿಕೊಳ್ಳುವ ಸಮರ್ಥನೆಗಳೇ ಇವು. ಇಂದಿನ ನನ್ನ ಮಾತೆಲ್ಲ ಆ ಹುಡುಗನಿಗೆ ಅಂದು ಕೊಡಬೇಕಿದ್ದ ಉತ್ತರ. ಅಂದು ನಾನು ಕೊಟ್ಟದ್ದು ಕಾಫಿ ಮಾತ್ರ. ಉತ್ತರಕ್ಕೆ ವಾರ ಹಿಡಿಯಿತು.

ಕಾನೂನಿಗೆ ಹೋಗುವ ಮುನ್ನ ಈ ಪ್ರಕಾರದ ಬಗ್ಗೆ ಎರಡು ಮಾತು. ಇಂಗ್ಲಿಷಿನಲ್ಲಿ ಇಂಟರ್‍ಯಾಕ್ಟಿವ್ ಫಿಕ್ಷನ್ ಎನ್ನುವುದನ್ನು ನಾನು ಸಂವಾದಿ ಕಥೆ ಎಂದು ಕರೆಯುತ್ತೇನೆ. 1970ರ ದಶಕದಲ್ಲಿ ವಿಶ್ವವಿದ್ಯಾನಿಲಯಗಳ ದೊಡ್ಡ ಕಂಪ್ಯೂಟರುಗಳ ಮೇಲೆ ಹುಟ್ಟಿದ ಈ ಪ್ರಕಾರದಲ್ಲಿ ಉದ್ಧರಣೆಗೆ ಮೊದಲಿಂದಲೂ ಒಂದು ವಿಶೇಷ ಸಲುಗೆಯಿದೆ. ಇನ್ಫೋಕಾಮ್ ಎಂಬ ಅಮೆರಿಕದ ಸಂಸ್ಥೆ 1986ರಲ್ಲಿ ಹೊರತಂದ, ಬ್ರಯಾನ್ ಮೊರಿಯಾರ್ಟಿ ಬರೆದ ‘ಟ್ರಿನಿಟಿ’ ಅಣುಬಾಂಬಿನ ಚರಿತ್ರೆಯನ್ನು ವಸ್ತುವಾಗಿಸಿಕೊಂಡ ಕೃತಿ. ಅದರಲ್ಲಿ ಕಥೆಯ ನಡುನಡುವೆ ಬೇರೆ ಕೃತಿಗಳ ಸಾಲುಗಳು ಪರದೆಯ ಮೇಲೊಂದು ಚೌಕಟ್ಟಿನಲ್ಲಿ ಮೂಡುತ್ತಿದ್ದವು. ಈ ಏರ್ಪಾಡು ಮುಂದಿನವರಿಗೆ ಎಷ್ಟು ಹಿಡಿಸಿತೆಂದರೆ, 1993ರಲ್ಲಿ ಗ್ರಹಾಂ ನೆಲ್ಸನ್ ಇಂಥ ಕಥೆಗಳನ್ನು ಕಟ್ಟಲೆಂದು ‘ಇನ್‌ಫಾರ್ಮ್’ ಎಂಬ ಭಾಷೆಯನ್ನು ರೂಪಿಸಿದಾಗ ಉದ್ಧರಣೆಯ ಚೌಕಟ್ಟನ್ನು ತೋರಿಸಲೆಂದೇ ಅದರಲ್ಲಿ ‘ಬಾಕ್ಸ್’ ಎಂಬ ಆದೇಶವನ್ನು ಇಟ್ಟರು. ಸಲಕರಣೆಯೇ ಕೈಗೆ ಸಿಕ್ಕ ಮೇಲೆ ಎರವಲಿನ ಆಸೆ ಹುಟ್ಟುವುದು ಸಹಜ.

ಆಸೆಗೆ ಇನ್ನೊಂದು ಕಾರಣವೂ ಇದೆ. ಅಚ್ಚಿನ ಕಥೆಯಲ್ಲಿ ಲಯ ಲೇಖಕನ ಕೈಯಲ್ಲಿರುತ್ತದೆ. ಇಲ್ಲಿ ಓದುಗ ತನಗೆ ಬೇಕಾದ ಕಡೆ ನಿಲ್ಲುತ್ತಾನೆ, ಬೇಡವಾದ ಕಡೆ ಓಡುತ್ತಾನೆ. ಅಂಥ ಓಟದ ನಡುವೆ ಲೇಖಕ ಒಂದು ಕ್ಷಣ ತಡೆದು ನಿಲ್ಲಿಸಬಹುದಾದ ಜಾಗ ಈ ಚೌಕಟ್ಟು. ಹರಿಕಥೆಯ ದಾಸರು ಕಥೆಯನ್ನು ಅಲ್ಲಿಗೇ ನಿಲ್ಲಿಸಿ ಪುರಂದರದಾಸರ ಪದವೊಂದನ್ನು ಎತ್ತಿಕೊಳ್ಳುತ್ತಾರಲ್ಲ, ಆ ಕೆಲಸವನ್ನೇ ಇದೂ ಮಾಡುತ್ತದೆ.

ಎರವಲು ತರುವುದು ನಮ್ಮಲ್ಲಿ ಹೀನವಾದ ಕೆಲಸವೇನೂ ಆಗಿರಲಿಲ್ಲ. ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನ ಹಿಂದಿನ ಕವಿಗಳ ಪದ್ಯಗಳನ್ನು ಆಯ್ದು ‘ಸೂಕ್ತಿಸುಧಾರ್ಣವ’ವನ್ನು ಕಟ್ಟಿದ, ಅವನ ಮಗ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ ಸೂತ್ರಕ್ಕೂ ಪೂರ್ವಕವಿಗಳ ಪ್ರಯೋಗಗಳನ್ನು ಉದಾಹರಣೆಯಾಗಿ ಕೊಟ್ಟ. ತನಗೆ ಆಧಾರವಾದ ಕವಿಗಳೆಂದು ಅವನು ಹೆಸರಿಸುವ ಗಜಗ, ಗುಣನಂದಿ, ಮನಸಿಜ ಮೊದಲಾದವರ ಕಾವ್ಯಗಳು ಇಂದು ನಮಗೆ ಸಿಕ್ಕಿಲ್ಲ. ಹಳಗನ್ನಡದ ಎಷ್ಟೋ ಪದ್ಯಗಳು ಉಳಿದುಬಂದದ್ದು ಯಾರೋ ಉದ್ಧರಿಸಿದರು ಎಂಬ ಒಂದೇ ಕಾರಣಕ್ಕೆ. ‘ಉದ್ಧರಣೆ’ ಎಂಬ ಮಾತಿಗೆ ಮೇಲೆತ್ತುವುದು, ಉಳಿಸುವುದು ಎಂಬ ಅರ್ಥವೂ ಇದೆಯಷ್ಟೆ. ಆದ್ದರಿಂದ ನಾನು ಕಾನೂನಿನ ಪರವಾಗಿ ಮಾತನಾಡುವಾಗಲೂ ಮನಸ್ಸು ಪೂರ್ತಿಯಾಗಿ ಆ ಪಕ್ಷದಲ್ಲಿ ಇರುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಈಗ ಮೊದಲನೆಯ ಸಮರ್ಥನೆ: ಎರಡೇ ಸಾಲು. ಎಷ್ಟು ಪದಗಳವರೆಗೆ ಎರವಲು ತರಬಹುದು ಎಂಬ ಅಂಕಿ 1957ರ ನಮ್ಮ ಕೃತಿಸ್ವಾಮ್ಯ ಅಧಿನಿಯಮದ ಯಾವ ಮೂಲೆಯಲ್ಲೂ ಇಲ್ಲ. ಅದರ 14ನೆಯ ಕಲಮು ಹೇಳುವುದು ‘ಕೃತಿ ಅಥವಾ ಅದರ ಗಣನೀಯ ಭಾಗ’ ಎಂದು. ಗಣನೀಯ ಎಂಬುದನ್ನು ತೂಗುವುದು ಅಳತೆಯಿಂದ ಮಾತ್ರವಲ್ಲ. ತೆಗೆದುಕೊಂಡ ಭಾಗ ಮೂಲದಲ್ಲಿ ಎಷ್ಟು ಮುಖ್ಯವಾದದ್ದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ನಾನೂರು ಪುಟದ ಕಾದಂಬರಿಯಿಂದ ಎರಡು ಸಾಲು ತೆಗೆದರೆ ಸಾಮಾನ್ಯವಾಗಿ ಯಾರಿಗೂ ಏನೂ ಆಗುವುದಿಲ್ಲ. ಎಂಟು ಸಾಲಿನ ಕವಿತೆಯಿಂದ ಎರಡು ಸಾಲು ತೆಗೆದರೆ ಅದು ಕಾಲು ಭಾಗ. ಆ ಎರಡು ಸಾಲು ಪಲ್ಲವಿಯೇ ಆಗಿದ್ದರೆ ಕವಿತೆಯ ಜೀವವನ್ನೇ ತೆಗೆದಂತೆ. ಉದ್ಧರಿಸುವವರ ಕೈ ಹೋಗುವುದೂ ಜೀವವಿರುವ ಕಡೆಗೇ.

ನ್ಯಾಯಾಲಯಗಳ ತೀರ್ಪುಗಳನ್ನು ನೋಡಿದರೂ ಪದಗಳ ಎಣಿಕೆಯಿಂದ ದಾರಿ ಕಾಣುವುದಿಲ್ಲ. ಅಮೆರಿಕದ ಕಾದಂಬರಿಕಾರ ವಿಲಿಯಂ ಫಾಕ್ನರ್ ಅವರ ಒಂಬತ್ತು ಪದಗಳ ಪ್ರಸಿದ್ಧ ಮಾತೊಂದನ್ನು ‘ಮಿಡ್‌ನೈಟ್ ಇನ್ ಪ್ಯಾರಿಸ್’ ಚಿತ್ರದ ಪಾತ್ರವೊಂದು, ಫಾಕ್ನರ್ ಹೆಸರನ್ನೂ ಹೇಳಿ, ತುಸು ಬದಲಿಸಿ ಆಡುತ್ತದೆ. ಹಕ್ಕುದಾರರು ಹೂಡಿದ ದಾವೆ 2013ರಲ್ಲಿ ಮಿಸಿಸಿಪ್ಪಿಯ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಆದರೆ 2009ರಲ್ಲಿ ಯುರೋಪಿನ ನ್ಯಾಯಾಲಯ ‘ಇನ್ಫೋಪಾಕ್’ ಪ್ರಕರಣದಲ್ಲಿ, ಪತ್ರಿಕೆಯಿಂದ ತೆಗೆದ ಹನ್ನೊಂದು ಪದಗಳ ತುಣುಕು ಕೂಡ ಲೇಖಕನ ಸ್ವಂತ ಸೃಷ್ಟಿಯನ್ನು ಹೊತ್ತಿದ್ದರೆ ರಕ್ಷಣೆಗೆ ಅರ್ಹ ಎಂದಿತು. ನಮ್ಮಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠ 2012ರಲ್ಲಿ ಇಂಡಿಯಾ ಟಿವಿ ಮತ್ತು ಯಶ್‌ರಾಜ್ ಫಿಲ್ಮ್ಸ್ ನಡುವಿನ ವ್ಯಾಜ್ಯದಲ್ಲಿ, ಸಿನಿಮಾ ಹಾಡಿನ ಐದು ಪದಗಳನ್ನು ಜಾಹೀರಾತಿನಲ್ಲಿ ಬಳಸಿದ್ದು ಕಾನೂನು ತಲೆಕೆಡಿಸಿಕೊಳ್ಳಬೇಕಾಗದಷ್ಟು ಅಲ್ಪವೆಂದು ಹೇಳಿತು. ಇವುಗಳಿಂದ ‘ಹತ್ತು ಪದದವರೆಗೆ ಭಯವಿಲ್ಲ’ ಎಂಬ ಸೂತ್ರ ತೆಗೆಯುವವರು ನನಗೆ ಸಿಕ್ಕಿದ್ದಾರೆ. ಹಾಗೆ ತೆಗೆಯಲಾಗದು, ಪ್ರತಿಯೊಂದರಲ್ಲೂ ನ್ಯಾಯಾಲಯ ನೋಡಿದ್ದು ಆ ಪದಗಳು ಅಲ್ಲಿ ಏನು ಮಾಡುತ್ತಿದ್ದವು ಎಂಬುದನ್ನು.

ಸಂವಾದಿ ಕಥೆಯಲ್ಲಿ ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ನಾನು ಹುಡುಗನ ಕಥೆಯ ಕಡತವನ್ನು ಬಿಚ್ಚಿ ನೋಡಿದೆ. ಅವನು ಬಳಸಿದ್ದು ಟ್ವೈನ್ ಎಂಬ ಸಲಕರಣೆ. 2009ರಲ್ಲಿ ಕ್ರಿಸ್ ಕ್ಲಿಮಸ್ ಹೊರತಂದದ್ದು. ಕಥೆ ಬ್ರೌಸರಿನಲ್ಲೇ ಓಡುವುದರಿಂದ ಕನ್ನಡ ಅಕ್ಷರಕ್ಕೆ ತೊಂದರೆಯಿಲ್ಲ, ಪ್ರೋಗ್ರಾಂ ಬರೆಯಲು ಬಾರದವರಿಗೂ ಒಗ್ಗುತ್ತದೆ. ಆಟಗಾರನ ಹಿಂದಿನ ಆಯ್ಕೆಗಳಿಗೆ ಹೊಂದುವ ಸಾಲುಗಳೇ ಮೂಡಲಿ ಎಂದು ಅವನು ಮೂರು ಕವಿತೆಗಳನ್ನು ಇಡಿಯಾಗಿ ಕಡತದೊಳಗೆ ತುಂಬಿಟ್ಟಿದ್ದ. ಒಂದು ಸಲ ಆಡಿದವನಿಗೆ ಕಾಣುವುದು ನಿಲ್ದಾಣಕ್ಕೆರಡು ಸಾಲು. ಆದರೆ ಟ್ವೈನ್ ಕಡತದಲ್ಲಿ ಕಥೆಯ ಎಲ್ಲ ತುಣುಕುಗಳೂ ತೆರೆದ ಪಠ್ಯವಾಗಿಯೇ ಕೂತಿರುತ್ತವೆ. ಬ್ರೌಸರಿನಲ್ಲಿ ಪುಟದ ಮೂಲವನ್ನು ತೋರಿಸು ಎಂದರೆ ಮೂರೂ ಕವಿತೆಗಳು ಆದಿಯಿಂದ ಅಂತ್ಯದವರೆಗೆ ಕಣ್ಣೆದುರಿಗೆ ಬರುತ್ತವೆ.

14ನೆಯ ಕಲಮಿನ ಪ್ರಕಾರ ಯಾವುದೇ ಮಾಧ್ಯಮದಲ್ಲಿ ವಿದ್ಯುನ್ಮಾನ ವಿಧಾನದಿಂದ ಕೃತಿಯನ್ನು ಸಂಗ್ರಹಿಸಿಡುವುದು ಕೂಡ ಪುನರುತ್ಪಾದನೆಯೇ. ಯಾರೂ ನೋಡಲಿಲ್ಲ, ಯಾರ ಪರದೆಯ ಮೇಲೂ ಪೂರ್ತಿ ಮೂಡಲಿಲ್ಲ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಹಳೆಯ ಇನ್ಫೋಕಾಮ್ ಮಾದರಿಯ ಕಡತಗಳಲ್ಲಿ ಸಾಮಾನ್ಯವಾಗಿ ಮೂರು ಅಕ್ಷರಗಳನ್ನು ಎರಡು ಬೈಟಿಗೆ ಅಡಕಿ ತುಂಬುತ್ತಿದ್ದರು, ಬರಿಗಣ್ಣಿಗೆ ಅದು ಅರ್ಥವಿಲ್ಲದ ಅಂಕಿಗಳಂತೆ ಕಾಣುತ್ತಿತ್ತು. ಹಾಗೆ ಅಡಕಿದ್ದರೂ ಸಂಗ್ರಹ ಸಂಗ್ರಹವೇ. ಆದ್ದರಿಂದ ಸಂವಾದಿ ಕಥೆ ಬರೆಯುವವರು ತಾವು ಎಷ್ಟು ತೋರಿಸುತ್ತೇವೆ ಎಂಬುದನ್ನು ಬಿಟ್ಟು, ಎಷ್ಟನ್ನು ಒಳಗೆ ಇಟ್ಟಿದ್ದೇವೆ ಎಂಬುದನ್ನು ಎಣಿಸಬೇಕು. ಇಂದಿನ ಉಪನ್ಯಾಸದಲ್ಲಿ ನಾನು ಹೇಳಬೇಕೆಂದು ಬಂದದ್ದು ಮುಖ್ಯವಾಗಿ ಇಷ್ಟೇ. ಉಳಿದದ್ದೆಲ್ಲ ಇದರ ಕೊಂಬೆಗಳು.

ಎರಡನೆಯ ಸಮರ್ಥನೆ, ಕವಿಯ ಹೆಸರು ಹಾಕಿದ್ದೇನೆ ಎಂಬುದು. ಹೆಸರು ಹಾಕುವುದು ಸೌಜನ್ಯ ಮಾತ್ರವಲ್ಲ, ಕಾನೂನಿನ ಅಗತ್ಯವೂ ಹೌದು: 57ನೆಯ ಕಲಮು, ಕೃತಿಸ್ವಾಮ್ಯವನ್ನು ಲೇಖಕ ಬೇರೆಯವರಿಗೆ ಮಾರಿದ್ದರೂ, ಇದು ನನ್ನದು ಎಂದು ಹೇಳಿಕೊಳ್ಳುವ ಹಕ್ಕನ್ನು ಅವನಲ್ಲೇ ಉಳಿಸುತ್ತದೆ. ಆದರೆ ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಂತಾಗುವುದಿಲ್ಲ. ಪಕ್ಕದ ಮನೆಯವರ ಸೈಕಲ್ಲನ್ನು ಕೇಳದೆ ತೆಗೆದುಕೊಂಡು ಹೋಗಿ, ಇದು ಅವರದೇ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಹೋದರೆ ಪ್ರಾಮಾಣಿಕತೆ ಮೆಚ್ಚತಕ್ಕದ್ದೇ. ಸೈಕಲ್ ಮಾತ್ರ ಅವರ ಮನೆಯಲ್ಲಿಲ್ಲ.

ಅದೇ 57ನೆಯ ಕಲಮಿನಲ್ಲಿ ಇನ್ನೊಂದು ಹಕ್ಕಿದೆ, ಮತ್ತು ಅದು ನಮ್ಮ ಪ್ರಕಾರಕ್ಕೆ ವಿಶೇಷವಾಗಿ ತಗಲುತ್ತದೆ. ಲೇಖಕನ ಗೌರವಕ್ಕೆ ಅಥವಾ ಕೀರ್ತಿಗೆ ಕುಂದು ಬರುವಂತೆ ಕೃತಿಯನ್ನು ತಿರುಚಿದರೆ, ಕತ್ತರಿಸಿದರೆ, ಮಾರ್ಪಡಿಸಿದರೆ ಅವನು ಅದನ್ನು ತಡೆಯಬಹುದು, ಪರಿಹಾರವನ್ನೂ ಕೇಳಬಹುದು. ಅವನ ನಂತರ ಅವನ ಪ್ರತಿನಿಧಿಗಳು ಕೇಳಬಹುದು. ಕೃತಿಸ್ವಾಮ್ಯದ ಅವಧಿ ಮುಗಿಯುವ ಮೊದಲು ನಡೆದ ತಿರುಚುವಿಕೆ ಮಾತ್ರ ಎಂದು ಹಿಂದೆ ಇದ್ದ ಮಿತಿಯನ್ನು 2012ರ ತಿದ್ದುಪಡಿ ತೆಗೆದುಹಾಕಿತು. ಸಂವಾದಿ ಕಥೆಗಳಲ್ಲಿ ಕವಿತೆಯ ಸಾಲುಗಳನ್ನು ಯಂತ್ರದಿಂದ ಕಲೆಸಿ, ಒಂದು ಕವಿತೆಯ ತಲೆಗೆ ಇನ್ನೊಂದರ ಕಾಲನ್ನು ಜೋಡಿಸಿ ಹೊಸ ಪದ್ಯ ಹುಟ್ಟಿಸುವ ಆಟ ತುಂಬ ಜನಪ್ರಿಯ. ಅದರ ಕೆಳಗೆ ಮೂಲಕವಿಯ ಹೆಸರು ಹಾಕಿದರೆ ಅದು ಹೆಸರು ಹಾಕದಿರುವುದಕ್ಕಿಂತ ಕೆಟ್ಟದ್ದು: ಅವರು ಬರೆಯದ ಸಾಲಿಗೆ ಅವರನ್ನು ಹೊಣೆ ಮಾಡಿದಂತೆ.

ದುಡ್ಡಿಗೆ ಮಾರುತ್ತಿಲ್ಲ ಎಂಬ ಮೂರನೆಯದಕ್ಕೆ ಹೆಚ್ಚು ಹೊತ್ತು ಬೇಡ. ಉಚಿತವಾಗಿ ಹಂಚಿದರೂ ಉಲ್ಲಂಘನೆ ಉಲ್ಲಂಘನೆಯೇ. ತಿಳಿದೂ ತಿಳಿದೂ ಮಾಡಿದರೆ 63ನೆಯ ಕಲಮಿನಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ವ್ಯಾಪಾರದಲ್ಲಿ ಲಾಭಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಲಯ ಕಾರಣ ಬರೆದು ಶಿಕ್ಷೆಯನ್ನು ಇಳಿಸಬಹುದು. ಕವಿತೆ ಬಳಸಿದ ಹುಡುಗರನ್ನು ಯಾರೂ ಜೈಲಿಗೆ ಹಾಕುತ್ತಾ ಕೂತಿಲ್ಲ, ಹೆದರಬೇಡಿ. ಉಚಿತ ಎಂಬುದು ಶಿಕ್ಷೆಯ ಪ್ರಮಾಣಕ್ಕೆ ಸಂಬಂಧಿಸಿದ ಮಾತು, ತಪ್ಪಿನ ಇರವಿಗಲ್ಲ ಎಂದು ತಿಳಿದರೆ ಸಾಕು.

ಹಾಗಾದರೆ ಅಧಿನಿಯಮದಲ್ಲಿ ಉದ್ಧರಣೆಗೆ ಜಾಗವೇ ಇಲ್ಲವೇ? ಇದೆ, ಕಿರಿದಾದದ್ದು. 52ನೆಯ ಕಲಮು ಮೂರು ಉದ್ದೇಶಗಳಿಗೆ ನ್ಯಾಯೋಚಿತ ಬಳಕೆಯನ್ನು ಒಪ್ಪುತ್ತದೆ: ಸಂಶೋಧನೆಯೂ ಸೇರಿದಂತೆ ಖಾಸಗಿ ಉಪಯೋಗ, ಆ ಕೃತಿಯ ಅಥವಾ ಬೇರೆ ಕೃತಿಯ ವಿಮರ್ಶೆ, ಪ್ರಚಲಿತ ಘಟನೆಗಳ ವರದಿ. (ಸಾರ್ವಜನಿಕ ಉಪನ್ಯಾಸದ ವರದಿಯೂ ಈ ಮೂರನೆಯದರಲ್ಲಿ ಸೇರಿದೆ. ನಾನು ನನ್ನ ಉಪನ್ಯಾಸವನ್ನೇ ಬರೆಯುತ್ತಿರುವುದರಿಂದ ಅದರ ಆಸರೆ ನನಗೆ ಬೇಕಾಗಿಲ್ಲ.) ಕಥೆಗೆ ಸೊಗಸು ಬರಲೆಂದು, ಪಾತ್ರದ ಮನಸ್ಸು ತೋರಿಸಲೆಂದು ಉದ್ಧರಿಸುವುದು ಈ ಮೂರರಲ್ಲಿ ಯಾವುದೂ ಅಲ್ಲ. ಕೃತಿಸ್ವಾಮ್ಯದ ಬಗ್ಗೆ ದೇಶದೇಶಗಳು ಮಾಡಿಕೊಂಡ ಬರ್ನ್ ಒಡಂಬಡಿಕೆಯ 10ನೆಯ ವಿಧಿ ಇಂಥ ಗೆರೆ ಎಳೆಯದೆ, ಮೂಲವನ್ನು ಹೆಸರಿಸಿ, ಉದ್ದೇಶಕ್ಕೆ ತಕ್ಕಷ್ಟು ಮಾತ್ರ ಉದ್ಧರಿಸುವುದನ್ನು ಒಪ್ಪುತ್ತದೆ. ಭಾರತ 1928ರಿಂದಲೂ ಅದರ ಸದಸ್ಯ. ಬ್ರಿಟನ್ 2014ರಲ್ಲಿ ತನ್ನ ಕಾನೂನಿಗೆ ತಿದ್ದುಪಡಿ ತಂದು, ವಿಮರ್ಶೆಗಾಗಲಿ ಬೇರಾವುದಕ್ಕೇ ಆಗಲಿ ನ್ಯಾಯೋಚಿತವಾದ ಉದ್ಧರಣೆ ಸಲ್ಲುತ್ತದೆ ಎಂದಿತು. ನಾವು 2012ರಲ್ಲಿ ಅಷ್ಟು ದೊಡ್ಡ ತಿದ್ದುಪಡಿ ಮಾಡಿದಾಗಲೂ ಈ ಒಂದು ವಾಕ್ಯ ಸೇರಿಸಲಿಲ್ಲ. ಕೇಶಿರಾಜನ ನಾಡಿನ ಕಾನೂನಿಗೆ ಇದು ಒಪ್ಪುವ ಮಾತಲ್ಲ ಎಂದು ನನ್ನ ಅಭಿಪ್ರಾಯ.

ಕಿರಿದಾದ ಆ ಬಾಗಿಲಿನಲ್ಲಿ ಕಥೆಗಾರರು ನುಗ್ಗಲಾರರು ಎಂದೇನಿಲ್ಲ. 1996ರಲ್ಲಿ ಕೇರಳ ಉಚ್ಚ ನ್ಯಾಯಾಲಯದ ಮುಂದೆ ಬಂದ ಸಿವಿಕ್ ಚಂದ್ರನ್ ಪ್ರಕರಣವನ್ನು ಈ ಪ್ರಕಾರದವರೆಲ್ಲ ಓದಬೇಕು. ತೋಪ್ಪಿಲ್ ಭಾಸಿಯವರ ಹೆಸರಾಂತ ಮಲಯಾಳಂ ರಾಜಕೀಯ ನಾಟಕಕ್ಕೆ ಉತ್ತರವಾಗಿ ಚಂದ್ರನ್ ಒಂದು ಪ್ರತಿನಾಟಕ ಬರೆದರು; ಅದರಲ್ಲಿ ಮೂಲದ ಪಾತ್ರಗಳಿದ್ದವು, ಸಂಭಾಷಣೆಯ ಭಾಗಗಳೂ ಇದ್ದವು. ನ್ಯಾಯಾಲಯ ನೋಡಿದ್ದು ಮೂರನ್ನು: ಟೀಕೆಗೆ ಹೋಲಿಸಿದರೆ ಎರವಲು ತಂದದ್ದರ ಪ್ರಮಾಣ ಮತ್ತು ಮೌಲ್ಯ ಎಷ್ಟು, ತಂದ ಉದ್ದೇಶವೇನು, ಎರಡು ಕೃತಿಗಳು ಒಂದರ ಜಾಗವನ್ನು ಇನ್ನೊಂದು ಕಸಿದುಕೊಳ್ಳುವ ಸಂಭವವಿದೆಯೇ. ಪ್ರತಿನಾಟಕದ ಎರವಲು ಮೂಲವನ್ನು ಟೀಕಿಸಲೆಂದು ತಂದದ್ದು, ಅನುಕರಿಸಲೆಂದಲ್ಲ ಎಂದು ಅದು ಚಂದ್ರನ್ ಪರವಾಗಿ ನಿಂತಿತು. ಅಂದರೆ ವಿಮರ್ಶೆ ಎಂಬುದು ಪ್ರಬಂಧದ ರೂಪದಲ್ಲೇ ಬರಬೇಕಾಗಿಲ್ಲ, ನಾಟಕವೂ ವಿಮರ್ಶೆಯಾಗಬಹುದು. ನಾಟಕವಾಗಬಹುದಾದರೆ ಆಡುವ ಕಥೆ ಏಕಾಗಬಾರದು? ಹಳೆಯ ಕಾದಂಬರಿಯೊಂದರಲ್ಲಿ ಬಾಯಿಲ್ಲದ ಸೊಸೆಯಾಗಿ ಬಂದುಹೋಗುವವಳ ಜಾಗದಲ್ಲಿ ಆಟಗಾರನನ್ನು ನಿಲ್ಲಿಸಿ, ಕಾದಂಬರಿಯ ಮಾತನ್ನು ಅವಳ ಕಿವಿಗೆ ಹಾಕಿ, ಈಗ ನೀನೇನು ಹೇಳುತ್ತೀ ಎಂದು ಕೇಳುವ ಕಥೆ ಮೂಲದೊಡನೆ ಜಗಳವಾಡುತ್ತಿದೆ. ಅಲ್ಲಿ ಉದ್ಧರಣೆಯಿಲ್ಲದೆ ಜಗಳವೇ ಇಲ್ಲ. ನಮ್ಮ ಹುಡುಗನ ಚೌಕಟ್ಟುಗಳಿಗೆ ಈ ಬಲವಿರಲಿಲ್ಲ. ಅವನು ಆ ಕವಿತೆಗಳನ್ನು ಪ್ರೀತಿಸುತ್ತಿದ್ದ, ಜಗಳವಾಡುತ್ತಿರಲಿಲ್ಲ. ಪ್ರೀತಿಗಿಂತ ಜಗಳಕ್ಕೇ ಹೆಚ್ಚು ರಕ್ಷಣೆ ಕೊಡುವ ಈ ಕಾನೂನಿನ ವೈಚಿತ್ರ್ಯವನ್ನು ಅವನಿಗೆ ವಿವರಿಸುವುದು ನನಗೆ ಸುಲಭವಾಗಲಿಲ್ಲ.

ಆದ್ದರಿಂದ ಅವನನ್ನು ಕೂರಿಸಿಕೊಂಡು ಪಂಚಾಂಗ ನೋಡುವಂತೆ ಇಸವಿಗಳನ್ನು ನೋಡತೊಡಗಿದೆ. ಭಾರತದಲ್ಲಿ ಲೇಖಕರು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. ನರಸಿಂಹಸ್ವಾಮಿಯವರು ತೀರಿಕೊಂಡದ್ದು 2003ರಲ್ಲಿ. ಅವರ ಕವಿತೆಗಳಿಗೆ 2063ರ ಕೊನೆಯವರೆಗೆ ರಕ್ಷಣೆ. ಕುವೆಂಪು ಅವರದು 1994, ಹಾಗಾಗಿ 2054. ನಾವು ಯಾರನ್ನೂ ಕೇಳದೆ ಮದುವೆಯ ಕರೆಯೋಲೆಗಳ ಮೇಲೂ ಅಚ್ಚು ಹಾಕಿಸುವ ಕಗ್ಗದ ಕರ್ತೃ ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, 2035ರ ಡಿಸೆಂಬರಿನವರೆಗೆ ಅದೂ ಎಲ್ಲರ ಸ್ವತ್ತಲ್ಲ. ಬಿ.ಎಂ. ಶ್ರೀಕಂಠಯ್ಯನವರು ಮತ್ತು ಕೈಲಾಸಂ ಇಬ್ಬರೂ 1946ರಲ್ಲಿ ತೀರಿಕೊಂಡರು, ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2007ರಿಂದ ಎಲ್ಲರವು. ಮೈಸೂರಿನ ತ್ರಿವೇಣಿಯವರು 1963ರಲ್ಲಿ ಇನ್ನೂ ಚಿಕ್ಕ ವಯಸ್ಸಿನಲ್ಲಿ ಹೋದರು. ಅವರ ಜೀವಿತಕಾಲದಲ್ಲೇ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತು. ಲೇಖಕರ ನಿಧನದ ನಂತರ ಮೊದಲ ಬಾರಿಗೆ ಪ್ರಕಟವಾದದ್ದಕ್ಕೆ ಮಾತ್ರ ಪ್ರಕಟಣೆಯ ವರ್ಷದಿಂದ 60 ಎಣಿಸಬೇಕು.

ತ್ರಿವೇಣಿಯವರ ಹೆಸರು ಬಂದಾಗ ಸಭೆಯಲ್ಲಿ ಒಬ್ಬರು ‘ಬೆಳ್ಳಿಮೋಡ’ ಚಿತ್ರದ ವಿಷಯ ಕೇಳಿದರು, ಒಳ್ಳೆಯ ಪ್ರಶ್ನೆ. ಕಾದಂಬರಿ ಒಂದು ಕೃತಿ. ಪುಟ್ಟಣ್ಣ ಕಣಗಾಲ್ ಅವರ 1967ರ ಚಿತ್ರ ಇನ್ನೊಂದು. ಚಲನಚಿತ್ರದ ಹಕ್ಕು ಪ್ರಕಟಣೆಯಿಂದ 60 ವರ್ಷ, ಅಂದರೆ 2027ರ ಕೊನೆಗೆ ಮುಗಿಯುತ್ತದೆ. ಆ ಚಿತ್ರದಲ್ಲಿ ಬರುವ ‘ಮೂಡಲ ಮನೆಯಾ’ ಎಂಬ ಬೇಂದ್ರೆಯವರ ಪದ್ಯದ ಸಾಹಿತ್ಯ ಮೂರನೆಯದು. ಬೇಂದ್ರೆ 1981ರಲ್ಲಿ ತೀರಿಕೊಂಡರು, ಅದು 2041ರವರೆಗೆ ಉಳಿಯುತ್ತದೆ. ಒಂದೇ ಹೆಸರಿನ ಕೆಳಗೆ ಮೂರು ಗಡಿಯಾರಗಳು ಬೇರೆ ಬೇರೆ ಹೊತ್ತು ತೋರಿಸುತ್ತಿವೆ. ಆಡುವ ಕಥೆಯಲ್ಲಿ ಪಾತ್ರವೊಂದು ರೇಡಿಯೋ ಹಚ್ಚಿದಾಗ ಯಾವುದು ಕೇಳಿಬರುತ್ತದೆ ಎಂಬುದನ್ನು ನೋಡಿ ಹೆಜ್ಜೆಯಿಡಬೇಕು.

ಹಳೆಯ ಕಥೆಯಾದರೆ ಭಯವಿಲ್ಲ ಎಂದುಕೊಳ್ಳುವುದೂ ಅಪಾಯ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳ ಬಗ್ಗೆ ನಮ್ಮ ರಾಜ್ಯದ ನ್ಯಾಯಾಲಯಗಳಲ್ಲಿ ನಡೆದ ವ್ಯಾಜ್ಯ 2009ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ವಿವಾದ ಎದ್ದದ್ದು ‘ಅಭಿಮನ್ಯು ವಧೆ’ಯ ಪ್ರದರ್ಶನದಿಂದ. ಅಭಿಮನ್ಯು ಯಾರ ಸ್ವತ್ತೂ ಅಲ್ಲ. ಆದರೆ ಕಾರಂತರು ಹೊಸದಾಗಿ ರಚಿಸಿದ್ದಕ್ಕೆ ಕೃತಿಸ್ವಾಮ್ಯವಿದೆ, ಅದು ಅವರ ಮರಣಶಾಸನದ ಮೂಲಕ ಉತ್ತರಾಧಿಕಾರಿಗೆ ಹೋಗಿದೆ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ ಒಪ್ಪಿತು. ಈ ಊರಿಗೇ ಸೇರಿದ ಇನ್ನೊಂದು ಉದಾಹರಣೆ ಕೊಡುತ್ತೇನೆ. ಇಲ್ಲಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ಗುರುತಿಸಿದರು. 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಕೌಟಿಲ್ಯನ ಮಾತು ಎಲ್ಲರದು. ಶಾಸ್ತ್ರಿಗಳು 1944ರಲ್ಲಿ ತೀರಿಕೊಂಡದ್ದರಿಂದ ಅವರ ಅನುವಾದವೂ 2005ರಿಂದ ಎಲ್ಲರದು. ಮೊನ್ನೆ ಮೊನ್ನೆ ಬಂದ ಅನುವಾದದ ವಾಕ್ಯಗಳನ್ನು, ‘ಎರಡು ಸಾವಿರ ವರ್ಷದ ಹಳೆಯ ಪುಸ್ತಕ ತಾನೇ’ ಎಂದು ಎತ್ತಿಕೊಂಡರೆ ಆ ಅನುವಾದಕರು ಸುಮ್ಮನಿರಬೇಕಾಗಿಲ್ಲ.

ಗಡಿ ದಾಟಿದರೆ ಗಡಿಯಾರ ಮತ್ತೆ ಬದಲಾಗುತ್ತದೆ. ಟಿ.ಎಸ್. ಎಲಿಯಟ್ 1965ರ ಜನವರಿಯಲ್ಲಿ ತೀರಿಕೊಂಡರು. 1922ರಲ್ಲಿ ಪ್ರಕಟವಾದ ಅವರ ‘ದಿ ವೇಸ್ಟ್ ಲ್ಯಾಂಡ್’ ಅಮೆರಿಕದಲ್ಲಿ 1998ರಿಂದಲೇ ಮುಕ್ತ; ನಮ್ಮ 60 ವರ್ಷದ ಲೆಕ್ಕದಲ್ಲಿ ಅದರ ಅವಧಿ 2025ರ ಕೊನೆಯವರೆಗೆ; 70 ವರ್ಷ ಎಣಿಸುವ ಬ್ರಿಟನ್ನಿನಲ್ಲಿ 2035ರ ಕೊನೆಯವರೆಗೆ. ಆಡುವ ಕಥೆಯನ್ನು ಅಂತರ್ಜಾಲದಲ್ಲಿ ಇಟ್ಟರೆ ಮೂರೂ ಕಡೆ ತೆರೆದುಕೊಳ್ಳುತ್ತದೆ.

ಇಷ್ಟೆಲ್ಲ ಕೇಳಿದ ಹುಡುಗ ಸಪ್ಪಗಾದ. ಆಗ ಅವನ ಕಥೆಯಲ್ಲೇ ಇದ್ದ ಒಂದು ಬೀಗ ನೆನಪಾಯಿತು. ಪಾಂಡವಪುರ ಬಿಟ್ಟ ಮೇಲೆ ತಾಯಿಯ ಪೆಟ್ಟಿಗೆಯನ್ನು ತೆರೆಯಲು ಆಟಗಾರ ಕವಿತೆಯೊಂದರ ಸಾಲನ್ನು ತಾನೇ ಟೈಪು ಮಾಡಬೇಕು. ಸರಿಯಾಗಿದೆಯೇ ಎಂದು ನೋಡಲು ಇಡೀ ಸಾಲನ್ನು ಕಡತದಲ್ಲಿ ಇಟ್ಟುಕೊಂಡಿದ್ದ. ಅದು ಬೇಕಾಗಿಲ್ಲ ಎಂದೆ. ಹ್ಯಾಶ್ ಎಂಬ ಲೆಕ್ಕವಿದೆ. ಸಾಲನ್ನು ಅದಕ್ಕೆ ಉಣಿಸಿದರೆ ನಿಗದಿತ ಉದ್ದದ ಒಂದು ಸಂಖ್ಯೆ ಬರುತ್ತದೆ, ಆ ಸಂಖ್ಯೆಯನ್ನು ಹಿಂದಕ್ಕೆ ತಿರುಗಿಸಿ ಸಾಲನ್ನು ಪಡೆಯಲಾಗದು. ಕಡತದಲ್ಲಿ ಆ ಸಂಖ್ಯೆ ಮಾತ್ರ ಇರಲಿ. ಆಟಗಾರ ತನ್ನ ಮನೆಯ ಕಪಾಟಿನಲ್ಲಿರುವ ಪುಸ್ತಕ ತೆಗೆದು ಸಾಲನ್ನು ಟೈಪಿಸಲಿ, ಕಥೆ ಲೆಕ್ಕ ಹಾಕಿ ಹೋಲಿಸಲಿ. ಕವಿತೆಯ ಒಂದಕ್ಷರವೂ ಅಲ್ಲಿ ಸಂಗ್ರಹವಾಗಿಲ್ಲ; 14ನೆಯ ಕಲಮಿಗೆ ಹಿಡಿಯಲು ಏನೂ ಉಳಿಯುವುದಿಲ್ಲ ಎಂದು ನಾನು ತಿಳಿದಿದ್ದೇನೆ. ಕೈಪಿಡಿಯ ಇಂಥ ಪುಟದ ಇಂಥ ಪದವನ್ನು ಟೈಪು ಮಾಡು ಎಂದು ಕೇಳುವ ಪದ್ಧತಿ 1980ರ ದಶಕದ ಆಟಗಳಲ್ಲಿ ಕಳ್ಳಪ್ರತಿ ತಡೆಯಲು ಇತ್ತು. ಅದನ್ನೇ ಇಲ್ಲಿ ಕವಿಯ ಹಕ್ಕನ್ನು ಕಾಯಲು ತಿರುಗಿಸಿಕೊಂಡಂತಾಯಿತು. ಕನ್ನಡದಲ್ಲಿ ಒಂದು ತಾಪತ್ರಯ ಮಾತ್ರ ಇದೆ. ಅರ್ಕಾವತ್ತನ್ನೂ ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳನ್ನೂ ಒಬ್ಬೊಬ್ಬರ ಕೀಲಿಮಣೆ ಒಂದೊಂದು ರೀತಿ ಮೂಡಿಸುತ್ತದೆ. ಒಂದು ಚಿಹ್ನೆ ವ್ಯತ್ಯಾಸವಾದರೂ ಸಂಖ್ಯೆ ಪೂರ್ತಿ ಬೇರೆಯಾಗಿ, ಸರಿಯಾದ ಸಾಲು ಬರೆದವನಿಗೂ ಪೆಟ್ಟಿಗೆ ತೆರೆಯುವುದಿಲ್ಲ. ಲೆಕ್ಕ ಹಾಕುವ ಮೊದಲು ಕಾಣದ ಚಿಹ್ನೆ, ವಿರಾಮಚಿಹ್ನೆ, ತೆರಪುಗಳನ್ನೆಲ್ಲ ತೆಗೆದುಹಾಕಿಸಿದೆವು. ಅದಕ್ಕೇ ಎರಡು ದಿನ ಹೋಯಿತು.

ಉಳಿದದ್ದು ಅನುಮತಿ ಕೇಳುವ ದಾರಿ. ಕೇಳುವುದಕ್ಕೆ ನಮ್ಮವರು ಏಕೆ ಇಷ್ಟು ಹಿಂಜರಿಯುತ್ತಾರೋ ತಿಳಿಯದು. ಅನುಮತಿ ಲಿಖಿತವಾಗಿರಬೇಕು, ಬಾಯಿಮಾತು ಸಾಲದು. ಪ್ರಕಾಶಕರನ್ನು ಕೇಳಿದರೆ ಮುಗಿಯಿತು ಎಂದೂ ಇಲ್ಲ. 1995ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರದ ಒಪ್ಪಂದಗಳಲ್ಲಿ ಅವಧಿ ನಮೂದಾಗಿರದಿದ್ದರೆ ಹಕ್ಕು ಪ್ರಕಾಶಕರ ಬಳಿ ಐದು ವರ್ಷ ಮಾತ್ರ ಉಳಿಯುತ್ತದೆ, ಆಮೇಲೆ ಕೇಳಬೇಕಾದವರು ಲೇಖಕರು ಅಥವಾ ಅವರ ಮನೆಯವರು. ಪತ್ರದಲ್ಲಿ ಯಾವ ಸಾಲು, ಕಥೆಯಲ್ಲಿ ಎಲ್ಲಿ, ಕಡತದಲ್ಲಿ ಎಷ್ಟು ಸಂಗ್ರಹ, ಹಂಚಿಕೆ ಹೇಗೆ ಎಂದು ಬಿಡಿಸಿ ಬರೆಯಿರಿ. ಕೇಳದೆಯೇ ಕೊಟ್ಟವರೂ ಇದ್ದಾರೆ: 2014ರಲ್ಲಿ ನಿರಂಜನರ ಕುಟುಂಬದವರು ಅವರ ಕೃತಿಗಳನ್ನು, ಕೆಲವು ಷರತ್ತುಗಳೊಡನೆ ಯಾರು ಬೇಕಾದರೂ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತಗೊಳಿಸಿದರು, ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಹಾಗೆಯೇ ಬಿಟ್ಟುಕೊಟ್ಟಿತು. ಅವನ್ನು ಮಾರ್ಪಡಿಸಿ ಬಳಸಿದರೆ ಹೊಸದನ್ನೂ ಅದೇ ಷರತ್ತಿನಡಿ ಹಂಚಬೇಕು ಎಂಬುದು ಅದರ ಕಟ್ಟುಪಾಡು.

ಹುಡುಗನ ರೈಲು ಈಗ ಓಡುತ್ತಿದೆ. ಶ್ರೀರಂಗಪಟ್ಟಣದಲ್ಲಿ ಕುಮಾರವ್ಯಾಸನ ಸಾಲು ಮೂಡುತ್ತದೆ. ಮಂಡ್ಯದಲ್ಲಿ ಒಂದು ಗಾದೆ, ಅವನ ಅಜ್ಜಿ ಹೇಳುತ್ತಿದ್ದದ್ದು, ಯಾರ ಸ್ವಾಮ್ಯವೂ ಇಲ್ಲದ್ದು. ಮೂರು ಕವಿತೆಗಳನ್ನು ಕಡತದಿಂದ ತೆಗೆದು, ಒಂದರ ಎರಡು ಸಾಲಿಗೆ ಮಾತ್ರ ಹಕ್ಕುದಾರರಿಗೆ ಪತ್ರ ಬರೆದಿದ್ದಾನೆ, ಉತ್ತರ ಇನ್ನೂ ಬಂದಿಲ್ಲ. ಮದ್ದೂರಿನಲ್ಲಿ ರೈಲು ನಿಂತಾಗ ಚೌಕಟ್ಟು ಎಂದಿನಂತೆ ಮೂಡುತ್ತದೆ, ಒಳಗೆ ಸಾಲಿಲ್ಲ. ಕವಿಯ ಹೆಸರು, ಸಂಕಲನದ ಹೆಸರು, ಪುಟದ ಸಂಖ್ಯೆ ಇವೆ. ಮೊದಲ ಸಲ ಆಡಿ ನೋಡಿದಾಗ ನಾನು ಎದ್ದು ಕಪಾಟಿನ ಹತ್ತಿರ ಹೋದೆ. ಪುಸ್ತಕ ಸಿಕ್ಕಿತು, ಆದರೆ ನನ್ನದು ಬೇರೆ ಮುದ್ರಣ, ಆ ಪುಟದಲ್ಲಿ ಬೇರೆ ಕವಿತೆ ಇತ್ತು. ಅವನಿಗೆ ಫೋನ್ ಮಾಡಿ, ಯಾವ ಮುದ್ರಣ ಎಂಬುದನ್ನೂ ಹಾಕಪ್ಪ ಎಂದೆ.